ತೋಟದ ದಾರಿಯಲ್ಲಿ ಮೋಟಾರು ಪಂದ್ಯ: ಖರ್ಚು ಹೊರುವವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರ ಮನೆಗೆ ವಿಜಯಪುರದ ಕಡೆಯಿಂದ ಬೀಗರು ಬಂದಿದ್ದರು. ತಿಕೋಟಾದಲ್ಲಿ ನಾಲ್ಕು ಎಕರೆ ದ್ರಾಕ್ಷಿ ಮಾಡಿಕೊಂಡವರು. ಜಗಲಿಯ ಮೇಲೆ ಕಾಫಿ ಕುಡಿಯುತ್ತ ಅವರು ಕೇಳಿದ ಪ್ರಶ್ನೆ ಇದು: “ಅಲ್ರೀ, ನಿಮ್ಮ ಕಡೆ ಕಾಫಿ ತೋಟದಾಗ ಕಾರ್ ರೇಸ್ ಮಾಡ್ತಾರಂತಲ್ಲ, ನಮ್ಮ ಕಡೆ ಹೊಲದಾಗ ಯಾಕ ಮಾಡಬಾರದ್ರೀ?” ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ಹುಡುಗರು ಕೂಡಿ ಒಂದು ಕ್ಲಬ್ಬು ಕಟ್ಟುವ ಯೋಚನೆಯಲ್ಲಿದ್ದಾರಂತೆ. ಮುಂಗಡದ ಹಣ ಯಾರದು ಎಂದು ವಿಚಾರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ದ್ರಾಕ್ಷಿಗೆಂದು ತಂದ ಸಾಲದಲ್ಲಿ ಒಂದಿಷ್ಟು ಉಳಿದಿದೆ ಎಂದರು. ಈ ಲೇಖನ ಬರೆಯಲು ಆ ಒಂದು ಮಾತೇ ಕಾರಣ.

ನಾವು ಈ ಕ್ರೀಡೆಯ ವಿರೋಧಿಗಳಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್ಯಾಲಿಗೆ ದಶಕಗಳ ಇತಿಹಾಸವಿದೆ. ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲೇ ನಡೆದದ್ದುಂಟು. ಆ ಪ್ರಶಸ್ತಿಯನ್ನು 2013, 2016 ಮತ್ತು 2017ರಲ್ಲಿ ಗೆದ್ದವರು ಭಾರತದವರೇ ಆದ ಗೌರವ್ ಗಿಲ್. ಕೊಡಗಿನಲ್ಲಿ ಭತ್ತದ ಕುಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯನ್ನು ಕಂಡವರಿಗೆ ಆ ಕಡೆಯ ಹುಡುಗರ ಕೈಚಳಕದ ಬಗ್ಗೆ ಸಂಶಯ ಬಾರದು. ನಮ್ಮ ತಕರಾರು ಇರುವುದು ಜಮಾ-ಖರ್ಚಿನ ಮೇಲೆ.

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ತಲಾ 3,000 ರೂಪಾಯಿ ಪ್ರವೇಶ ಶುಲ್ಕ, 40 ಸ್ಪರ್ಧಿಗಳು, ಜಮಾ 1,20,000. ಈಗ ಖರ್ಚಿನ ಬದಿ ನೋಡಿ. ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಪರವಾನಗಿ ಶುಲ್ಕ, ವಿಮೆ, ವೈದ್ಯರ ಸಹಿತ ಆಂಬುಲೆನ್ಸು, ಬೆಂಕಿ ಆರಿಸುವ ಸಲಕರಣೆ, ಸಮಯ ಅಳೆಯುವ ಯಂತ್ರದ ಬಾಡಿಗೆ, ದಾರಿ ಸಮ ಮಾಡಲು ಜೆಸಿಬಿ, ಧೂಳಿಗೆ ನೀರಿನ ಟ್ಯಾಂಕರು, ದಾರಿಯುದ್ದಕ್ಕೂ ನಿಲ್ಲುವ ಸ್ವಯಂಸೇವಕರ ಊಟ-ತಿಂಡಿ. ಇವುಗಳಲ್ಲಿ ಹೆಚ್ಚಿನವು 40 ಜನ ಬಂದರೂ ಅಷ್ಟೇ, 25 ಜನ ಬಂದರೂ ಅಷ್ಟೇ. ಹದಿನೈದು ಮಂದಿ ಕಡಿಮೆಯಾದರೆ ಜಮೆಯಲ್ಲಿ 45,000 ಕುಸಿಯಿತು. ಖರ್ಚಿನಲ್ಲಿ ಇಳಿಯುವುದು ಹೆಚ್ಚೆಂದರೆ ಊಟದ ಎಲೆ. ನೂರು ಚೀಲ ಬೀಳಲಿ, ಐವತ್ತು ಬೀಳಲಿ, ತೋಟಕ್ಕೆ ಒಮ್ಮೆ ಕೊಟ್ಟ ಗೊಬ್ಬರದ ಬಿಲ್ಲು ಬದಲಾಗದು ಎಂಬುದನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದು ಪಂದ್ಯವೇ ರದ್ದಾದರಂತೂ ಪ್ರವೇಶ ಶುಲ್ಕ ವಾಪಸು, ಮುಂಗಡಗಳು ಹೋದವು. ಎರೆಮಣ್ಣಿನ ಹೊಲದಲ್ಲಿ ಒಂದು ಹದ ಮಳೆ ಸಾಕು, ಕಾರಿರಲಿ, ಎತ್ತಿನ ಗಾಡಿಯೂ ಹೂತುಕೊಳ್ಳುತ್ತದೆ.

ಪ್ರಾಯೋಜಕರು ಕೊಡುತ್ತಾರೆ ಎನ್ನುವವರಿದ್ದಾರೆ. ಕೊಡಲಿ, ಆದರೆ ಬಾಯಿಮಾತಿನ ಹಣವನ್ನು ಜಮೆಗೆ ಬರೆಯುವ ಕಾರ್ಯದರ್ಶಿಯನ್ನು ನಮ್ಮ ಸರ್ವಸದಸ್ಯರ ಸಭೆ ಒಂದು ವರ್ಷವೂ ಇಟ್ಟುಕೊಳ್ಳಲಾರದು.

ಉಳಿತಾಯ ಮಾಡಹೊರಟವರು ಮೊದಲು ಕೈ ಹಾಕುವುದು ಕಾವಲಿಗೆ ಮತ್ತು ವಿಮೆಗೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ್ಯಾಲಿಯ ದಾರಿಗೆ ಮೋಟಾರು ಸೈಕಲ್ಲಿನ ಮೇಲೆ ಬಂದ ಒಂದೇ ಕುಟುಂಬದ ಮೂವರು ಕಾರು ಬಡಿದು ಸತ್ತರು. ಅಷ್ಟು ದೊಡ್ಡ ಪಂದ್ಯದಲ್ಲೇ ಹೀಗಾದರೆ, ಪ್ರತಿ ಹೊಲಕ್ಕೂ ಕಾಲುದಾರಿ ಇರುವ ಊರಿನಲ್ಲಿ ಎಷ್ಟು ಮಂದಿ ಕಾವಲು ಬೇಕು? ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಓಡಿಸಿದರೆ, 2019ರ ತಿದ್ದುಪಡಿಯ ನಂತರ, ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಈ ಕಲಮಿಗೆ ಸೇರುತ್ತಾರೆ.

ಇನ್ನು ಜಮೀನು ಕೊಡುವವರ ಪಾಡು. ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್ಬಿನವರು ನಮ್ಮ ತೋಟದ ದಾರಿ ಕೇಳಿದರು; ಹುಡುಗರ ಉತ್ಸಾಹ ಕಂಡು ಬಾಯಿಮಾತಿನಲ್ಲೇ ಒಪ್ಪಿದೆವು. ಅರೇಬಿಕಾ ಹಣ್ಣಾಗಿದ್ದ ದಿನಗಳು. ಬೆಳಿಗ್ಗೆಯಿಂದ ಸಂಜೆವರೆಗೆ ದಾರಿ ಮುಚ್ಚಿದ್ದರಿಂದ ಆಳುಗಳಿಗೆ ಒಂದು ದಿನದ ಕೆಲಸ ತಪ್ಪಿತು, ಚರಂಡಿಯ ಅಂಚು ಕುಸಿಯಿತು, ಎರಡು ಮೋರಿ ಒಡೆದವು. ರಿಪೇರಿಯ ಹಣಕ್ಕೆ ಮೂರು ಕಾಗದ ಬರೆದೆವು. ನಾಲ್ಕನೆಯದನ್ನು ಬರೆಯಲು ಬೇಸರವಾಗಿ ನಾವೇ ಮೇಸ್ತ್ರಿಯನ್ನು ಕರೆಸಿದೆವು. ಬಹುಮಾನದ ಕಪ್ಪು ಮಾತ್ರ ಮೊಳದುದ್ದ ಇತ್ತೆಂದು ಕೇಳಿದ್ದೇವೆ.

ಆದ್ದರಿಂದ ಬೀಗರಿಗೆ ನಾವು ಹೇಳಿದ್ದು ಇಷ್ಟು. ಕ್ಲಬ್ಬನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸಿರಿ, ಆಗ ವರ್ಷವರ್ಷವೂ ಲೆಕ್ಕ ಒಪ್ಪಿಸಲೇಬೇಕಾಗುತ್ತದೆ. ದಾರಿ ರಿಪೇರಿಯ ಠೇವಣಿಯನ್ನು ಪಂದ್ಯಕ್ಕೆ ಮೊದಲೇ ಜಮೀನಿನವರ ಕೈಗೆ ಕೊಡಿರಿ, ಕರಾರು ಕಾಗದದ ಮೇಲಿರಲಿ. ನಗದು ಬಹುಮಾನ ಬೇಡವೇ ಬೇಡ. ಖರ್ಚಿನ ಅರ್ಧವಾದರೂ ಬ್ಯಾಂಕಿಗೆ ಬರುವ ತನಕ ದಿನಾಂಕ ಗೊತ್ತು ಮಾಡಬೇಡಿರಿ. ಬೆಳೆಸಾಲದ ಹಣವನ್ನಂತೂ ಮುಟ್ಟಲೇಬೇಡಿರಿ. ಅದನ್ನು ತೀರಿಸಬೇಕಾದ್ದು ಕ್ಲಬ್ಬಲ್ಲ, ನೀವು.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಹೊಲ ಖಾಲಿ ಇರುವುದು ಜೋಳ ಕೊಯ್ದ ಮೇಲೆ, ಮಾರ್ಚಿನಲ್ಲಿ ಇಟ್ಟುಕೊಂಡರೆ ಹೇಗೆ ಎಂದರು. ಆಗ ನಿಮ್ಮ ಒಣದ್ರಾಕ್ಷಿ ಎಲ್ಲಿರುತ್ತದೆ ಎಂದು ಕೇಳಿದೆವು. ಶೆಡ್ಡಿನ ಬಲೆಯ ಮೇಲೆ ಹರವಿರುತ್ತದೆ, ನಾಲ್ಕೂ ಕಡೆ ಗಾಳಿಗೆ ತೆರೆದು. ನಲವತ್ತು ಕಾರು ಎಬ್ಬಿಸುವ ಧೂಳು ಎಲ್ಲಿ ಕೂರುತ್ತದೆಂದು ಅವರಿಗೇ ಹೊಳೆದು ನಕ್ಕುಬಿಟ್ಟರು. ಊರಿಗೆ ಹೋಗಿ ಬಬಲೇಶ್ವರದ ಹುಡುಗರೊಡನೆ ಮಾತಾಡಿ ಕಾಗದ ಬರೆಯುವುದಾಗಿ ಹೇಳಿ ಬಸ್ಸು ಹತ್ತಿದ್ದಾರೆ.