ರೊಟ್ಟಿ ಎಣಿಸುವವರೇ, ಮೊದಲು ಕೆಲಸ ಕೇಳಿ

ಮೊಬೈಲಿನ ಡಯಟ್ ಚಾರ್ಟ್‌ಗಳು ಈಗ ಅಥಣಿ, ರಾಯಬಾಗದ ಅಡುಗೆಮನೆಗೂ ಬಂದಿವೆ. ‘ದಿನಕ್ಕೆ 1200 ಕ್ಯಾಲೊರಿ, ರೊಟ್ಟಿ ಬಂದ್’. ಯಾರಿಗೆ ಹಾಕಿದ ಲೆಕ್ಕ ಇದು?

ಉಂಡದ್ದಕ್ಕಿಂತ ಹೆಚ್ಚು ಖರ್ಚಾದರೆ ತೂಕ ಇಳಿಯುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಎಲ್ಲರಿಗೂ ಒಂದೇ ಅಂಕಿ ಅಂಟಿಸುವುದರಲ್ಲಿ. ಐಸಿಎಂಆರ್‌ನ 2020ರ ಲೆಕ್ಕದಂತೆ 55 ಕೆ.ಜಿ. ತೂಕದ ಹೆಂಗಸು ಕೂತು ಕೆಲಸ ಮಾಡಿದರೆ ದಿನಕ್ಕೆ 1660 ಕ್ಯಾಲೊರಿ ಬೇಕು, ಭಾರಿ ದುಡಿಮೆಯಾದರೆ 2720. ನಿಪ್ಪಾಣಿಯಲ್ಲಿ ಕೂತು ಬೀಡಿ ಕಟ್ಟುವವಳಿಗೂ ಕಾಗವಾಡದಲ್ಲಿ ಕಬ್ಬು ಕಡಿಯುವವಳಿಗೂ ಒಂದೇ ಚಾರ್ಟ್ ಹೇಗೆ ಸರಿಹೋದೀತು? ಕಬ್ಬು ಕಡಿಯುವವಳಿಗೆ 1200 ಅಂದರೆ ಬೇಕಾದುದರ ಅರ್ಧಕ್ಕಿಂತ ಕಡಿಮೆ. ಅದನ್ನು ನಮ್ಮಲ್ಲಿ ಉಪವಾಸ ಅಂತಾರೆ.

ರೊಟ್ಟಿಯೇ ಏಕೆ ಅಪರಾಧಿ? 60 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗೆ ಸುಮಾರು 200 ಕ್ಯಾಲೊರಿ. ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆಯ ಚಹಾ ದಿನಕ್ಕೆ ಐದು ಸಲ ಕುಡಿದರೆ ಸಕ್ಕರೆಯಿಂದಲೇ 200. ರೊಟ್ಟಿಯಲ್ಲಿ ನಾರು, ಪ್ರೋಟೀನ್ ಉಂಟು. ಸಕ್ಕರೆಯಲ್ಲಿ ಏನುಂಟು? ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳುವವರು ಬೇಕು.

ಇನ್ನು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸಿಗೆ ತನ್ನ ತಾಟಿನ ಮೇಲೆ ಅಧಿಕಾರವೇ ಇಲ್ಲ. ಆಕೆಗೆ ‘ಎಣಿಸಿ ಉಣ್ಣು’ ಅನ್ನುವುದು ಕ್ರೂರ ಚೇಷ್ಟೆ.

ಎಣಿಸಲೇಬೇಕಾದರೆ ಚಹಾದ ಸಕ್ಕರೆ, ಒಗ್ಗರಣೆಯ ಎಣ್ಣೆ, ಬೇಕರಿಯ ಖಾರಿ ಎಣಿಸಿ. ಚಾರ್ಟ್ ಬರೆಯುವವರು ತಕ್ಕಡಿ ಹತ್ತಿಸುವ ಮೊದಲು ಕೇಳಲಿ: ಏನು ಕೆಲಸ ಮಾಡ್ತೀ ಯವ್ವಾ, ಊಟ ಎಷ್ಟೊತ್ತಿಗೆ ಮಾಡ್ತೀ?