ವಿಧಾನಸಭೆಗೆ ಮತ: ಉಪನಗರಗಳ ಕನ್ನಡಿಗರ ಅಳತೆಗೋಲು ಯಾವುದು?

ಮಹಾರಾಷ್ಟ್ರ ವಿಧಾನಸಭೆಗೆ 2024ರ ನವೆಂಬರ್ 20ರಂದು ನಡೆದ ಚುನಾವಣೆಯಲ್ಲಿ ನವಿಮುಂಬಯಿಯ ಬೇಲಾಪುರ ಕ್ಷೇತ್ರದ ಫಲಿತಾಂಶ ನಿರ್ಧಾರವಾದುದು ಕೇವಲ 377 ಮತಗಳ ಅಂತರದಿಂದ. ಭಾರತೀಯ ಜನತಾ ಪಕ್ಷದ ಮಂದಾ ಮ್ಹಾತ್ರೆಯವರು ಶರದ್ ಪವಾರ್ ನೇತೃತ್ವದ ರಾಷ್ಟ್ರವಾದಿ ಕಾಂಗ್ರೆಸ್ಸಿನ ಸಂದೀಪ್ ನಾಯಿಕ್ ಅವರನ್ನು ಅಷ್ಟೇ ಮತಗಳಿಂದ ಸೋಲಿಸಿದರು. ನೆರೂಲ್‌ನಲ್ಲಿ ಊರಿನ ಹೆಸರಾಂತ ಮೇಳವೊಂದರ ಯಕ್ಷಗಾನ ಏರ್ಪಟ್ಟರೆ ಸಭಾಗೃಹದಲ್ಲಿ ಸೇರುವ ಪ್ರೇಕ್ಷಕರ ಸಂಖ್ಯೆಯೇ ಇದಕ್ಕಿಂತ ಹೆಚ್ಚು. ಆ ಪ್ರೇಕ್ಷಕರಲ್ಲಿ ಎಷ್ಟು ಮಂದಿಯ ಮತ ಬೇಲಾಪುರದಲ್ಲಿತ್ತು, ಎಷ್ಟು ಮಂದಿಯದು ಕಾಪು, ಕಾರ್ಕಳ, ಕುಂದಾಪುರಗಳಲ್ಲೇ ಉಳಿದಿತ್ತು, ಇಲ್ಲಿ ಮತವಿದ್ದವರು ಯಾವುದನ್ನು ಅಳೆದು ನೋಡಿ ಗುಂಡಿ ಒತ್ತಿದರು ಎಂಬ ಪ್ರಶ್ನೆಗಳು ಅಂದಿನಿಂದ ನಮ್ಮನ್ನು ಕಾಡುತ್ತಿವೆ.

ಮುಂದಿನ ವಿಧಾನಸಭಾ ಚುನಾವಣೆಗೆ 2029ರವರೆಗೆ ಕಾಯಬೇಕು. 2026ರ ಜನವರಿ 15ರಂದು ನಡೆದ ಮಹಾನಗರ ಪಾಲಿಕೆಗಳ ಚುನಾವಣೆಯ ಗದ್ದಲವೂ ಅಡಗಿದೆ. ಧ್ವನಿವರ್ಧಕಗಳಿಲ್ಲದ ಈ ಹೊತ್ತಿನಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಗಳ ಕನ್ನಡಿಗರು ಈ ವಿಷಯವನ್ನು ಸಾವಧಾನವಾಗಿ ಚರ್ಚಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಯಾವ ಪಕ್ಷಕ್ಕೆ ಮತ ನೀಡಬೇಕೆಂದು ಹೇಳುವುದು ಈ ಬರಹದ ಉದ್ದೇಶವಲ್ಲ.

ನಮ್ಮವರಲ್ಲಿ ಬಳಕೆಯಲ್ಲಿರುವ ಅಳತೆಗೋಲುಗಳಲ್ಲಿ ಮೊದಲನೆಯದು ವೇದಿಕೆಯ ಪರಿಚಯ. ಸಂಘದ ವಾರ್ಷಿಕೋತ್ಸವಕ್ಕೆ ಬಂದವರು, ಶನಿಪೂಜೆಗೆ ದೇಣಿಗೆ ಕೊಟ್ಟವರು, ಅರಸಿನ ಕುಂಕುಮದ ದಿನ ಮಹಿಳಾ ವಿಭಾಗಕ್ಕೆ ಉಡುಗೊರೆಯ ಪೊಟ್ಟಣ ಕಳುಹಿಸಿದವರು ನಮಗೆ 'ಬೇಕಾದವರು' ಆಗಿಬಿಡುತ್ತಾರೆ. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ ನೀಡಿ ಅವರನ್ನು ಗೌರವಿಸುತ್ತೇವೆ. ಅವರು ತಾವು ಕನ್ನಡಿಗರ ಬೆನ್ನಿಗಿದ್ದೇವೆಂದು ಮರಾಠಿಯಲ್ಲಿ ನಾಲ್ಕು ಮಾತನಾಡಿ, ಕೊನೆಗೆ 'ನಮಸ್ಕಾರ, ಚೆನ್ನಾಗಿದ್ದೀರಾ' ಎಂದು ಕನ್ನಡದಲ್ಲಿ ಕೇಳಿ ಚಪ್ಪಾಳೆ ಗಿಟ್ಟಿಸಿ ಮುಂದಿನ ಕಾರ್ಯಕ್ರಮಕ್ಕೆ ತೆರಳುತ್ತಾರೆ. ಆ ಭಾವಚಿತ್ರಗಳನ್ನು ಪ್ರಕಟಿಸುವವರೂ ನಮ್ಮಂಥವರೇ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ. ಇದರಲ್ಲಿ ಸೌಜನ್ಯವಿದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಅದೇ ಶಾಸಕರು ಅಧಿವೇಶನದಲ್ಲಿ ನಮ್ಮ ನಗರದ ಬಗ್ಗೆ ಎಷ್ಟು ಪ್ರಶ್ನೆ ಕೇಳಿದ್ದಾರೆಂದು ವೇದಿಕೆಯಲ್ಲಿ ಯಾರೂ ವಿಚಾರಿಸಿದ್ದನ್ನು ನಾವು ಕಂಡಿಲ್ಲ.

ಎರಡನೆಯ ಅಳತೆಗೋಲು ಭಾಷೆಯದು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಾಕ್ಷಿಣಾತ್ಯರೇ ಆಗಿದ್ದರು. ಉಡುಪಿ ಹೊಟೇಲುಗಳ ಗಾಜು ಒಡೆದ ನೆನಪು ಹಿರಿಯ ತಲೆಮಾರಿನಲ್ಲಿ ಇನ್ನೂ ಮಾಸಿಲ್ಲ. ಅದೇ ಪಕ್ಷದ ಶಾಖೆಗಳಲ್ಲಿ ಮುಂದೆ ನಮ್ಮವರೂ ಪದಾಧಿಕಾರಿಗಳಾದುದು ಇನ್ನೊಂದು ಕಥೆ. ಈ ಹಿನ್ನೆಲೆಯಿಂದಾಗಿ ಕನ್ನಡಿಗರ ಪರ ಇರುವ ಪಕ್ಷ ಯಾವುದು, ವಿರೋಧಿ ಯಾವುದು ಎಂದು ಹುಡುಕುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಈಚಿನ ವರ್ಷಗಳ ದಾಖಲೆಗಳನ್ನು ಅವಲೋಕಿಸಿದರೆ ಈ ಹುಡುಕಾಟದಿಂದ ಏನೂ ಸಿಗುವುದಿಲ್ಲ. ಗಡಿಭಾಗದ 865 ಹಳ್ಳಿ ಪಟ್ಟಣಗಳನ್ನು ಮಹಾರಾಷ್ಟ್ರಕ್ಕೆ ಸೇರಿಸಿಕೊಳ್ಳಲು ಕಾನೂನು ಹೋರಾಟ ನಡೆಸುವ ನಿರ್ಣಯ 2022ರ ಡಿಸೆಂಬರ್ 27ರಂದು ನಾಗಪುರ ಅಧಿವೇಶನದಲ್ಲಿ ಅವಿರೋಧವಾಗಿ ಅಂಗೀಕಾರವಾಯಿತು. ಅದನ್ನು ಮಂಡಿಸಿದವರು ಅಂದು ಮುಖ್ಯಮಂತ್ರಿಯಾಗಿದ್ದ, ಥಾಣೆಯ ಕೋಪರಿ-ಪಾಚ್‌ಪಾಖಾಡಿಯ ಶಾಸಕ ಏಕನಾಥ ಶಿಂದೆಯವರು. ಬೆಂಬಲಿಸಿದ್ದು ಇಡೀ ವಿರೋಧಪಕ್ಷ. ಅದಕ್ಕೆ ಐದು ದಿನ ಮೊದಲು ಬೆಳಗಾವಿಯಲ್ಲಿ ಕರ್ನಾಟಕದ ಶಾಸನಸಭೆಯೂ ಅಷ್ಟೇ ಒಮ್ಮತದಿಂದ ಇದಕ್ಕೆ ವಿರುದ್ಧವಾದ ನಿರ್ಣಯ ಕೈಗೊಂಡಿತ್ತು. ಪ್ರಕರಣ 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಹಾಗೆಯೇ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯಗೊಳಿಸಿದ 2020ರ ಕಾಯಿದೆ, ಅಂಗಡಿ ಹೊಟೇಲುಗಳ ಫಲಕ ಮರಾಠಿಯಲ್ಲಿರಬೇಕೆಂಬ 2022ರ ತಿದ್ದುಪಡಿ ಎರಡೂ ಬಂದದ್ದು ಮಹಾವಿಕಾಸ ಆಘಾಡಿಯ ಕಾಲದಲ್ಲಿ. ಫಲಕದ ನಿಯಮವನ್ನು 2023ರ ಕೊನೆಗೆ ಬಿಗಿಯಾಗಿ ಜಾರಿಗೊಳಿಸಿದ್ದು ಮಹಾಯುತಿ ಸರಕಾರ. ನೆಲೆಸಿದ ನಾಡಿನ ಭಾಷೆಯನ್ನು ಮಕ್ಕಳು ಕಲಿಯುವುದರಲ್ಲಿ ನಮಗೆ ತಕರಾರಿಲ್ಲ. ಎಲ್ಲ ಪಕ್ಷಗಳ ನಿಲುವು ಒಂದೇ ಆಗಿರುವ ವಿಷಯವೊಂದು ಆಯ್ಕೆಗೆ ಆಧಾರವಾಗಲಾರದು ಎಂದಷ್ಟೇ ನಮ್ಮ ವಾದ.

ಪಕ್ಷವನ್ನೂ ಅದರ ಚಿಹ್ನೆಯನ್ನೂ ನೋಡಿ ಮತ ನೀಡುವ ಕ್ರಮವೂ ಈಗ ಸುಲಭವಾಗಿ ಉಳಿದಿಲ್ಲ. 2022ರಲ್ಲಿ ಶಿವಸೇನೆ, 2023ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ ಒಡೆದ ಬಳಿಕ ಬಿಲ್ಲುಬಾಣ ಒಬ್ಬರ ಪಾಲಾಯಿತು, ಗಡಿಯಾರ ಇನ್ನೊಬ್ಬರ ಪಾಲಾಯಿತು; ಪಂಜು, ತುತ್ತೂರಿ ಊದುವ ಮನುಷ್ಯ ಹೊಸ ಚಿಹ್ನೆಗಳಾಗಿ ಬಂದವು. 2019ರಲ್ಲಿ ಯುತಿಗೆಂದು ಮತ ಹಾಕಿದವರು ಒಂದೇ ಅವಧಿಯಲ್ಲಿ ತಮ್ಮ ಶಾಸಕರನ್ನು ಆಘಾಡಿಯಲ್ಲೂ ಯುತಿಯಲ್ಲೂ ಕಂಡರು. ನವಿಮುಂಬಯಿಯಲ್ಲಂತೂ 2024ರಲ್ಲಿ ಐರೋಲಿಯಿಂದ ತಂದೆ ಗಣೇಶ್ ನಾಯಿಕ್ ಭಾಜಪದ ಅಭ್ಯರ್ಥಿ, ಪಕ್ಕದ ಬೇಲಾಪುರದಲ್ಲಿ ಮಗ ಸಂದೀಪ್ ಅದೇ ಭಾಜಪದ ಎದುರಾಳಿ. ಇದೇ ಗಣೇಶ್ ನಾಯಿಕರು 2014ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನಿಂದ ಬೇಲಾಪುರದಲ್ಲಿ ನಿಂತು ಇದೇ ಮಂದಾ ಮ್ಹಾತ್ರೆಯವರೆದುರು ಸೋತವರು. ಸಿದ್ಧಾಂತ ನೋಡಿ ಮತ ನೀಡುತ್ತೇವೆಂಬ ಓದುಗರು ಈ ನಂಟಸ್ತಿಕೆಯ ನಕ್ಷೆಯನ್ನೂ ಒಮ್ಮೆ ಬಿಡಿಸಿ ನೋಡಬೇಕು.

ಹಾಗಾದರೆ ನೋಡಬೇಕಾದದ್ದು ಏನು? ರಾಜ್ಯ ಸರಕಾರದ ಕೈಯಲ್ಲಿ ನಮ್ಮ ಬದುಕಿನ ಯಾವ ಭಾಗವಿದೆ ಎಂಬುದನ್ನು. ಲೋಕಲ್ ರೈಲಿನ ನೂಕುನುಗ್ಗಲು ನಮ್ಮ ನಿತ್ಯದ ಸಂಕಟ. 2025ರ ಜೂನ್ 9ರಂದು ಮುಂಬ್ರಾ ಬಳಿ ಬೋಗಿಯ ಬಾಗಿಲಲ್ಲಿ ಜೋತಾಡುತ್ತಿದ್ದ ಪ್ರಯಾಣಿಕರು ಬಿದ್ದು ಪ್ರಾಣ ಕಳೆದುಕೊಂಡರು. ರೈಲ್ವೆ ಕೇಂದ್ರದ್ದು, ಶಾಸಕರೇನು ಮಾಡಿಯಾರು ಎಂದು ನಾವು ಹೇಳಿಬಿಡುತ್ತೇವೆ. ಆದರೆ ಉಪನಗರ ರೈಲು ಮಾರ್ಗಗಳ ವಿಸ್ತರಣೆಗೆಂದು 1999ರಲ್ಲಿ ಸ್ಥಾಪನೆಯಾದ ಮುಂಬಯಿ ರೈಲ್ವೆ ವಿಕಾಸ ನಿಗಮದಲ್ಲಿ ರಾಜ್ಯ ಸರಕಾರದ ಪಾಲು ಶೇ. 49. ಅಲ್ಲಿಯೂ ರಾಜ್ಯಕ್ಕೆ ಹೊಣೆಯಿದೆ.

ಪಾಲಿಕೆಯ ವಿಷಯ ಇನ್ನೂ ಸ್ಪಷ್ಟ. ನವಿಮುಂಬಯಿಯಲ್ಲಿ 2020ರ ಮೇ, ಕಲ್ಯಾಣ್-ಡೊಂಬಿವಲಿಯಲ್ಲಿ 2020ರ ನವೆಂಬರ್, ಥಾಣೆಯಲ್ಲಿ 2022ರ ಮಾರ್ಚ್ ತಿಂಗಳಲ್ಲಿ ನಗರಸೇವಕರ ಅವಧಿ ಮುಗಿದ ಮೇಲೆ 2026ರ ಜನವರಿಯ ಚುನಾವಣೆಯ ತನಕ ಈ ಪಾಲಿಕೆಗಳನ್ನು ನಡೆಸಿದವರು ರಾಜ್ಯ ಸರಕಾರದ ಅಧೀನದ ಆಡಳಿತಾಧಿಕಾರಿಗಳು. ಆ ವರ್ಷಗಳಲ್ಲಿ ಗಟಾರ, ಗುಂಡಿ, ನೀರಿನ ದೂರನ್ನು ಒಯ್ಯಲು ನಮಗಿದ್ದ ಚುನಾಯಿತ ಪ್ರತಿನಿಧಿಯೆಂದರೆ ಶಾಸಕರು ಮಾತ್ರ. ನಗರಾಭಿವೃದ್ಧಿ ಖಾತೆಯೋ, 2019ರ ಕೊನೆಯಲ್ಲಿ ಶಿಂದೆಯವರ ಕೈಸೇರಿದ ಮೇಲೆ ಸರಕಾರಗಳು ಬದಲಾದರೂ ಅದು ಥಾಣೆಯ ಈ ಶಾಸಕರ ಬಳಿಯೇ ಉಳಿಯಿತು. ಇಷ್ಟು ದೊಡ್ಡ ಅಧಿಕಾರ ಮನೆಬಾಗಿಲಲ್ಲೇ ಇದ್ದಾಗ ಘೋಡ್‌ಬಂದರ್ ರಸ್ತೆ ಹೇಗಿತ್ತು, ಕಲ್ಯಾಣದ ಪತ್ರಿಪುಲ್ ಸೇತುವೆ 2018ರಲ್ಲಿ ಕೆಡವಿದ ಮೇಲೆ 2021ರವರೆಗೆ ಏಕೆ ಕಾಯಿಸಿತು ಎಂಬುದನ್ನು ಓದುಗರು ತಮ್ಮ ಅನುಭವದಿಂದಲೇ ತೂಗಿ ನೋಡಬಹುದು.

ಡೊಂಬಿವಲಿ ಸುತ್ತಲಿನ 27 ಹಳ್ಳಿಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1983ರಲ್ಲಿ ಪಾಲಿಕೆಗೆ ಸೇರಿದ ಅವು 2002ರಲ್ಲಿ ಹೊರಬಿದ್ದವು, 2015ರಲ್ಲಿ ಮತ್ತೆ ಒಳಬಂದವು. 2020ರಲ್ಲಿ ಅವುಗಳಲ್ಲಿ 18ನ್ನು ಬೇರ್ಪಡಿಸುವ ಆದೇಶ ಹೊರಟಿತು. ಅದನ್ನು ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. ಪ್ರತಿಯೊಂದು ಹೆಜ್ಜೆಯೂ ಮಂತ್ರಾಲಯದಲ್ಲಿ ಹಾಕಿದ್ದು. ಈ ಒಳಹೊರಗಿನ ಆಟದ ನಡುವೆ ಕಟ್ಟಡಗಳು ಮಾತ್ರ ಏಳುತ್ತಲೇ ಹೋದವು. 2024ರ ನವೆಂಬರಿನಲ್ಲಿ, ಮತದಾನದ ಹೊಸ್ತಿಲಲ್ಲೇ, ಕಲ್ಯಾಣ್-ಡೊಂಬಿವಲಿ ಪಾಲಿಕೆ ವ್ಯಾಪ್ತಿಯ 65 ಅನಧಿಕೃತ ಕಟ್ಟಡಗಳನ್ನು ಕೆಡವಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು. ಪಾಲಿಕೆಯ ನಕಲಿ ಅನುಮತಿ ಪತ್ರಗಳನ್ನು ತೋರಿಸಿ ಮಹಾರೇರಾ ನೋಂದಣಿಯನ್ನೇ ಪಡೆದ ಕಟ್ಟಡಗಳವು. ರೇರಾ ಸಂಖ್ಯೆ ಇದೆ, ಬ್ಯಾಂಕ್ ಸಾಲ ಕೊಟ್ಟಿದೆ ಎಂದು ನಂಬಿ ಆಯುಷ್ಯದ ಉಳಿತಾಯ ಸುರಿದ ಮಧ್ಯಮ ವರ್ಗದವರ ಪಾಡು ಏನು? ಇದಕ್ಕೂ ಮೊದಲು 2015ರ ವೇಳೆಗೆ ಐರೋಲಿ ಕ್ಷೇತ್ರದ ದೀಘಾದಲ್ಲಿ ಇಂಥದೇ ಆಕ್ರಂದನ ಕೇಳಿಬಂದಾಗ, 2015ರ ಡಿಸೆಂಬರ್ 31ರವರೆಗಿನ ಅನಧಿಕೃತ ಕಟ್ಟಡಗಳನ್ನು ಷರತ್ತಿನ ಮೇಲೆ ಸಕ್ರಮಗೊಳಿಸುವ ತಿದ್ದುಪಡಿಯನ್ನು ರಾಜ್ಯ ತಂದಿತು. ಸಕ್ರಮ ಮಾಡುವ ಭರವಸೆ ಪ್ರತಿ ಚುನಾವಣೆಯಲ್ಲೂ ಸಿಗುತ್ತದೆ. ಅನುಮತಿ ಪತ್ರವನ್ನು ಕೊಳ್ಳುವವನೇ ಪರೀಕ್ಷಿಸುವ ವ್ಯವಸ್ಥೆ ಮಾಡಿಸುತ್ತೇನೆ, ನಕಲು ಮಾಡಿದವರನ್ನೂ ಕಣ್ಣುಮುಚ್ಚಿದ ಅಧಿಕಾರಿಗಳನ್ನೂ ಜೈಲಿಗೆ ಕಳುಹಿಸುತ್ತೇನೆ ಎನ್ನುವ ಅಭ್ಯರ್ಥಿ ಯಾರೆಂದು ನಾವು ಕೇಳಬೇಕಾಗಿದೆ.

ಡೊಂಬಿವಲಿ ಎಂಐಡಿಸಿಯ ವಿಚಾರ ಇದಕ್ಕಿಂತಲೂ ಗಂಭೀರ. 2016ರ ಮೇ 26ರಂದು ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು. ಬಹುದೂರದ ಮನೆಗಳ ಕಿಟಕಿ ಗಾಜುಗಳೂ ಪುಡಿಯಾದವು. ಎಂಟು ವರ್ಷಗಳ ಬಳಿಕ, 2024ರ ಮೇ 23ರಂದು, ಅದೇ ಪ್ರದೇಶದಲ್ಲಿ ಮತ್ತೊಂದು ಸ್ಫೋಟವಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಎರಡು ಬಾರಿಯೂ ಅಪಾಯಕಾರಿ ಘಟಕಗಳನ್ನು ಸ್ಥಳಾಂತರಿಸುವ ಮಾತು ಕೇಳಿಬಂತು. ಕಾರ್ಖಾನೆಗಳ ಸುರಕ್ಷತೆಯನ್ನು ತಪಾಸಣೆ ಮಾಡುವ ನಿರ್ದೇಶನಾಲಯ ರಾಜ್ಯದ್ದು, ಕೈಗಾರಿಕಾ ನಿಗಮ ರಾಜ್ಯದ್ದು, ಮಾಲಿನ್ಯ ನಿಯಂತ್ರಣ ಮಂಡಳಿಯೂ ರಾಜ್ಯದ್ದೇ. ದೆಹಲಿಯಲ್ಲಿ ಯಾರಿರಬೇಕೆಂಬ ಉತ್ಸಾಹದಲ್ಲಿ ವಿಧಾನಸಭೆಗೂ ಮತ ಹಾಕಿ ಬಂದವರಿಗೆ ಈ ಪ್ರಶ್ನೆಯನ್ನು ಎತ್ತುವ ಅವಕಾಶ ತಪ್ಪಿಹೋಗುತ್ತದೆ.

ಹೊಟೇಲು ಉದ್ಯಮವನ್ನು ಬಿಟ್ಟು ನಮ್ಮವರ ಚರ್ಚೆ ಪೂರ್ಣವಾಗುವುದಿಲ್ಲ. ಪರ್ಮಿಟ್ ರೂಮ್‌ಗಳಲ್ಲಿ ಬಡಿಸುವ ಮದ್ಯದ ಮೇಲಿನ ವ್ಯಾಟ್ 2023ರ ನವೆಂಬರಿನಿಂದ ಶೇ. 5ರಿಂದ 10ಕ್ಕೆ ಏರಿತು. 2025ರಲ್ಲಿ ಅಬಕಾರಿ ಸುಂಕವೂ ಲೈಸೆನ್ಸ್ ಶುಲ್ಕವೂ ಹೆಚ್ಚಿದಾಗ ಹೊಟೇಲು ಮಾಲೀಕರ ಸಂಘಟನೆ ಆಹಾರ್ ಜುಲೈ 14ರಂದು ಬಂದ್ ನಡೆಸಿತು. ಇವು ರಾಜ್ಯ ಸರಕಾರದ ನಿರ್ಧಾರಗಳು. ಆದರೆ ಮಾಲೀಕರ ಹಿತವೇ ಸಮಸ್ತ ಕನ್ನಡಿಗರ ಹಿತವೆಂದು ಸಂಘದ ವೇದಿಕೆಯಿಂದ ಘೋಷಿಸುವುದು ಸರಿಯಲ್ಲ. ಅದೇ ಹೊಟೇಲಿನ ಮಾಣಿಯ ಚಿಂತೆ ಕನಿಷ್ಠ ವೇತನ. ಬಾರಿನ ಮೇಲಿನ ಮಹಡಿಯಲ್ಲಿ ವಾಸಿಸುವ ನಿವೃತ್ತ ಬ್ಯಾಂಕ್ ನೌಕರರ ಚಿಂತೆ ರಾತ್ರಿಯ ಗದ್ದಲ. ಇಬ್ಬರೂ ಕನ್ನಡಿಗರೇ.

ಇನ್ನು ಭರವಸೆಗಳ ವಿಷಯ. ಇಲ್ಲಿ ಕನ್ನಡಿಗರಿಗೆ ಇತರರಿಗಿಲ್ಲದ ಒಂದು ಅನುಕೂಲವಿತ್ತು. 2024ರ ಪ್ರಚಾರದಲ್ಲಿ ಕರ್ನಾಟಕದ ಗ್ಯಾರಂಟಿ ಯೋಜನೆಗಳೇ ವಾದದ ವಸ್ತುವಾದವು. ಅವು ವಿಫಲವೆಂದು ಇಲ್ಲಿನ ಆಡಳಿತ ಪಕ್ಷ ಜಾಹೀರಾತು ನೀಡಿತು, ಸಫಲವೆಂದು ಅಲ್ಲಿನ ಮುಖ್ಯಮಂತ್ರಿ ಮುಂಬಯಿಗೇ ಬಂದು ಹೇಳಿದರು. ಗೃಹಲಕ್ಷ್ಮಿಯ 2000 ರೂಪಾಯಿ ತಿಂಗಳು ತಿಂಗಳು ಬರುತ್ತಿದೆಯೇ, ತಡವಾಗುತ್ತಿದೆಯೇ ಎಂದು ಊರಿನಲ್ಲಿರುವ ಅತ್ತಿಗೆಗೋ ಚಿಕ್ಕಮ್ಮನಿಗೋ ಒಂದು ಫೋನ್ ಮಾಡಿದ್ದರೆ ನಮಗೆ ತಿಳಿಯುತ್ತಿತ್ತು. ಹಾಗೆ ಕೇಳಿ ತಿಳಿದವರು ಕಡಿಮೆ. ಮೊಬೈಲಿಗೆ ಬಂದ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರೇ ಹೆಚ್ಚು. ಇತ್ತ ಲಾಡ್ಕಿ ಬಹಿಣ್ ಯೋಜನೆಯ 1500 ರೂಪಾಯಿಯನ್ನು 2100ಕ್ಕೆ ಏರಿಸುವ ಮಾತಿತ್ತು. 2025ರ ಮಾರ್ಚ್ ಬಜೆಟ್ಟಿನಲ್ಲಿ ಅದು ಏರಲಿಲ್ಲ.

ಶಾಸಕರನ್ನು ಬದಲಿಸುವುದರಿಂದ ಪ್ರಯೋಜನವುಂಟೇ ಎಂದು ಕೇಳುವವರಿಗೆ ಡೊಂಬಿವಲಿಯಲ್ಲೇ ಎರಡು ಮಾದರಿಗಳಿವೆ. ಡೊಂಬಿವಲಿ ಕ್ಷೇತ್ರ 2009ರಿಂದ ನಾಲ್ಕು ಬಾರಿಯೂ ಭಾಜಪದ ರವೀಂದ್ರ ಚವಾಣ್ ಅವರನ್ನೇ ಆರಿಸಿತು. ವಿಳಾಸದಲ್ಲಿ ಡೊಂಬಿವಲಿ ಎಂದಿದ್ದರೂ ಮತ ಕಲ್ಯಾಣ್ ಗ್ರಾಮೀಣದಲ್ಲಿರುವ ನಮ್ಮ ಕುಟುಂಬಗಳು ಬಹಳ. ಆ ಕ್ಷೇತ್ರ 2009ರಲ್ಲಿ ಮನಸೆ, 2014ರಲ್ಲಿ ಶಿವಸೇನೆ, 2019ರಲ್ಲಿ ಮತ್ತೆ ಮನಸೆ, 2024ರಲ್ಲಿ ಶಿಂದೆ ಶಿವಸೇನೆ ಎಂದು ಪ್ರತಿಸಲವೂ ಬದಲಿಸಿತು. ಮಳೆಗಾಲದ ರಸ್ತೆಯಲ್ಲಿ ನಡೆದರೆ ಎರಡು ಕ್ಷೇತ್ರಗಳ ಗಡಿ ಎಲ್ಲಿದೆಯೆಂದು ಗುರುತಿಸುವುದು ಕಷ್ಟ. ಒಬ್ಬರನ್ನೇ ಉಳಿಸಿಕೊಳ್ಳುವುದಾಗಲಿ ಪ್ರತಿಬಾರಿ ಬದಲಿಸುವುದಾಗಲಿ ತನ್ನಷ್ಟಕ್ಕೆ ನೀತಿಯಾಗಲಾರದು. ಐದು ವರ್ಷಗಳ ಲೆಕ್ಕ ಕೇಳಿದ ಮೇಲಷ್ಟೇ ಎರಡಕ್ಕೂ ಅರ್ಥ. ಸಂಘಗಳು ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆದು, ಶಾಲನ್ನು ಬದಿಗಿಟ್ಟು, 65 ಕಟ್ಟಡ, ಎಂಐಡಿಸಿ, ನೀರು ಎಂಬ ಮೂರೇ ಪ್ರಶ್ನೆ ಕೇಳಿದರೂ ಸಾಕು. ಬಾರದವರ ಕುರ್ಚಿಯನ್ನು ಖಾಲಿಯಾಗಿಯೇ ಇಡಬಹುದು.

ಇದೆಲ್ಲಕ್ಕೂ ಮೊದಲು ಹೆಸರು ಪಟ್ಟಿಯಲ್ಲಿರಬೇಕು. 2024ರಲ್ಲಿ ಇಡೀ ರಾಜ್ಯದ ಮತದಾನ ಸುಮಾರು ಶೇ. 66 ಇದ್ದಾಗ ಥಾಣೆ ಜಿಲ್ಲೆ ಅದಕ್ಕಿಂತ ಬಹಳ ಹಿಂದುಳಿದಿತ್ತು. ಊರಿನ ಮನೆ, ದೈವಸ್ಥಾನ, ಪಂಚಾಯತಿಯ ಸಂಬಂಧ ಕಡಿಯದಿರಲೆಂದು ಅನೇಕರು ಮತದಾರರ ಚೀಟಿಯನ್ನು ಊರಿನಲ್ಲೇ ಇಟ್ಟುಕೊಂಡಿದ್ದಾರೆ. ಆ ಭಾವನೆ ನಮಗೂ ಅರ್ಥವಾಗುತ್ತದೆ. ಆದರೆ 1950ರ ಜನಪ್ರತಿನಿಧಿತ್ವ ಕಾಯಿದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿರಬಹುದು; ಎರಡೂ ಕಡೆ ಇರಿಸಿಕೊಳ್ಳಲು ಸುಳ್ಳು ಘೋಷಣೆ ನೀಡುವುದು ಶಿಕ್ಷಾರ್ಹ. ಮೂವತ್ತು ವರ್ಷ ನೆರೂಲ್‌ನಲ್ಲೋ ಥಾಕುರ್ಲಿಯಲ್ಲೋ ತೆರಿಗೆ ಕಟ್ಟಿದವರು ಎಲ್ಲಿ ಮತ ಇರಬೇಕೆಂದು ಮನೆಯವರೊಡನೆ ಕುಳಿತು ನಿರ್ಧರಿಸಲಿ. ಹೆಸರನ್ನು ವರ್ಗಾಯಿಸಲು ನಮೂನೆ 8, ಹದಿನೆಂಟು ತುಂಬಿದ ಮಕ್ಕಳನ್ನು ಹೊಸದಾಗಿ ಸೇರಿಸಲು ನಮೂನೆ 6. ಎರಡಕ್ಕೂ ಶುಲ್ಕವಿಲ್ಲ, ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಕಾಗಿಯೂ ಇಲ್ಲ.