ಗಂಟಲೊಳಗಿನ ಬೆಲೂನಿಗೆ ಎಷ್ಟು ಗಾಳಿ?

ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಅರಿವಳಿಕೆ ಪಡೆದ ರೋಗಿಯ ಉಸಿರಾಟವನ್ನು ಹಲವು ವೇಳೆ ಯಂತ್ರವೇ ನಡೆಸಬೇಕಾಗುತ್ತದೆ. ಅದಕ್ಕಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಳಿಸುತ್ತಾರೆ. ಅದರ ತುದಿಯ ಬಳಿ ಕೊಳವೆಯನ್ನು ಸುತ್ತುವರಿದ ತೆಳು ಬೆಲೂನಿರುತ್ತದೆ. ಅದರ ಹೆಸರು ‘ಕಫ್’. (ಕೆಮ್ಮಿನ ಕಫಕ್ಕೂ ಇದಕ್ಕೂ ಸಂಬಂಧವಿಲ್ಲ!) ಸಿರಿಂಜಿನಿಂದ ಗಾಳಿ ತುಂಬಿದರೆ ಅದು ಉಬ್ಬಿ, ಕೊಳವೆಗೂ ಶ್ವಾಸನಾಳದ ಗೋಡೆಗೂ ನಡುವಣ ಸಂದನ್ನು ಮುಚ್ಚುತ್ತದೆ.

ಗಾಳಿ ಕಡಿಮೆಯಾದರೆ ಯಂತ್ರ ಕಳಿಸಿದ ಉಸಿರು ಸೋರುತ್ತದೆ. ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೆಚ್ಚಾದರೆ ಶ್ವಾಸನಾಳದ ಒಳಪೊರೆಯ ಲೋಮನಾಳಗಳು ಅದುಮಿಹೋಗುತ್ತವೆ. ರಕ್ತ ಹರಿಯದ ಜಾಗ ಹುಣ್ಣಾಗಬಹುದು. ಮುಂದೆ ಶ್ವಾಸನಾಳವೇ ಕಿರಿದಾಗಬಹುದು. ಅರಿವಿಲ್ಲದ ರೋಗಿ ‘ನೋಯುತ್ತಿದೆ’ ಎಂದು ಹೇಳಲಾರ.

ಹಾಗಾದರೆ ಎಷ್ಟಿರಬೇಕು? 1984ರಲ್ಲಿ ಸೀಗೋಬಿನ್ ಮತ್ತು ವ್ಯಾನ್ ಹ್ಯಾಸೆಲ್ಟ್ ಎಂಬ ವೈದ್ಯರು ರೋಗಿಗಳ ಶ್ವಾಸನಾಳವನ್ನು ಎಂಡೋಸ್ಕೋಪಿನಿಂದ ನೋಡಿ, ಒತ್ತಡ 30 ಸೆಂ.ಮೀ. ನೀರಿನಷ್ಟನ್ನು ಮೀರಬಾರದೆಂದು ಸೂಚಿಸಿದರು. ಈಗ ಸಾಮಾನ್ಯವಾಗಿ 20ರಿಂದ 30ರ ನಡುವೆ ಇಡುತ್ತಾರೆ. 30 ಸೆಂ.ಮೀ. ಎಂದರೆ ನಿಮ್ಮ ಚೀಲದಲ್ಲಿರುವ ಸ್ಕೇಲಿನ ಉದ್ದ! ಅಷ್ಟು ಎತ್ತರದ ನೀರು ತನ್ನ ತಳದ ಮೇಲೆ ಹಾಕುವ ಒತ್ತಡವೇ ಈ ಮಿತಿ.

ಗಂಟಲೊಳಗಿನ ಒತ್ತಡವನ್ನು ಹೊರಗಿನಿಂದ ಅಳೆಯುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಪ್ಯಾಸ್ಕಲನ ನಿಯಮ. ಕಫ್‌ನಿಂದ ಸಣ್ಣ ನಳಿಕೆಯೊಂದು ಬಾಯಿಯ ಹೊರಗಿರುವ ಪುಟ್ಟ ಬೆಲೂನಿಗೆ ಸೇರಿರುತ್ತದೆ. ಎರಡರಲ್ಲೂ ಒತ್ತಡ ಒಂದೇ. ಹೊರಗಿನದನ್ನು ಬೆರಳಿನಿಂದ ಹಿಚುಕಿ ಅಂದಾಜು ಮಾಡುವ ರೂಢಿಯುಂಟು. ಆದರೆ ಬೆರಳು ಸುಲಭವಾಗಿ ಮೋಸಹೋಗುತ್ತದೆ. ಒತ್ತಡಮಾಪಕ ಜೋಡಿಸಿದರೆ ನಿಜ ತಿಳಿಯುತ್ತದೆ.

ಒಮ್ಮೆ ಅಳೆದರೂ ಸಾಲದು. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಬಳಸಿದಾಗ ಅದು ಕಫ್‌ನ ತೆಳು ಗೋಡೆಯ ಮೂಲಕ ಒಳಗೆ ನುಸುಳುತ್ತದೆ. ಒಳಗಿನ ನೈಟ್ರೋಜನ್ ಅಷ್ಟು ಬೇಗ ಹೊರಬರದು. ಹೀಗಾಗಿ ಯಾರೂ ಗಾಳಿ ತುಂಬದಿದ್ದರೂ ಒತ್ತಡ ಏರುತ್ತದೆ.

ಈ ಮಾಪನವನ್ನು ಮನೆಯಲ್ಲೇ ಅರಿಯಬಹುದು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಕೊಳವೆಯನ್ನು ‘ಯು’ ಆಕಾರದಲ್ಲಿ ಗೋಡೆಗೆ ಕಟ್ಟಿ, ಅರ್ಧದಷ್ಟು ನೀರು ತುಂಬಿ. ಒಂದು ತುದಿಯಲ್ಲಿ ಮೆಲ್ಲಗೆ ಊದಿ. ಒಂದು ಕಡೆ ನೀರು 15 ಸೆಂ.ಮೀ. ಇಳಿದು ಇನ್ನೊಂದು ಕಡೆ 15 ಸೆಂ.ಮೀ. ಏರಿದರೆ ವ್ಯತ್ಯಾಸ 30. ಅಷ್ಟಕ್ಕೆ ಎಷ್ಟು ಕಡಿಮೆ ಬಲ ಸಾಕೆಂದು ನಿಮಗೇ ತಿಳಿಯುತ್ತದೆ. ವೈದ್ಯರು ಬೆರಳನ್ನು ನಂಬದೆ ಮಾಪಕವನ್ನು ಏಕೆ ನಂಬಬೇಕೆಂಬುದೂ.